ಕಾನೂನು ಆಯೋಗಕ್ಕೆ ಕಾಯ್ದೆಯ ಬಲ ಬೇಕೇ?

ಪರ

ಚಿಕ್ಕಮಗಳೂರಿನ ಕಾಫಿ ತೋಟಗಳ ಪಾಲು ದಾವೆಗಳಲ್ಲಿ ಇಂದು ಮಗಳೂ ಮಗನಷ್ಟೇ ಹಕ್ಕಿನಿಂದ ವಾದಿಯಾಗಿ ನಿಲ್ಲುತ್ತಾಳೆ. ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿದ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಹಿಂದೆ ಕಾನೂನು ಸುಧಾರಣೆಗೆ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ಭಾರತದ ಕಾನೂನು ಆಯೋಗ 2000ದಲ್ಲಿ ಕೊಟ್ಟ 174ನೇ ವರದಿಯಿದೆ. ಅಣ್ಣ ತಂಗಿಯರ ಆಸ್ತಿ ಜಗಳಕ್ಕೆ ಕೈಹಾಕಲು ಯಾವ ಶಾಸಕನಿಗೂ ಮನಸ್ಸಾಗುವುದಿಲ್ಲ. ಮತ ಕೇಳಬೇಕಾಗಿಲ್ಲದವರೇ ಅದನ್ನು ಕೂತು ಬಿಡಿಸಬೇಕು.

ಇಂಥ ಸಂಸ್ಥೆಯ ಉಸಿರು ಕೇಂದ್ರ ಸರ್ಕಾರದ ಒಂದು ಆದೇಶದಲ್ಲಿದೆ. 1955ರಲ್ಲಿ ಎಂ.ಸಿ. ಸೆಟಲ್ವಾಡ್ ಅಧ್ಯಕ್ಷರಾದ ಆಯೋಗದಿಂದ ಇಂದಿನವರೆಗೂ ಅದಕ್ಕೊಂದು ಕಾಯ್ದೆಯಿಲ್ಲ. 21ನೇ ಆಯೋಗದ ಅವಧಿ 2018ರ ಆಗಸ್ಟ್‌ನಲ್ಲಿ ಮುಗಿಯಿತು. 22ನೆಯದರ ಆದೇಶ ಹೊರಬಿದ್ದದ್ದು 2020ರಲ್ಲಿ, ಅಧ್ಯಕ್ಷರು ಬಂದದ್ದು 2022ರ ನವೆಂಬರ್‌ನಲ್ಲಿ. ನಾಲ್ಕು ವರ್ಷಕ್ಕೂ ಮೀರಿ ಖಾಲಿ ಕುರ್ಚಿ! ಭಾರತೀಯ ದಂಡ ಸಂಹಿತೆಯನ್ನೇ ಬದಲಿಸುವ ಕೆಲಸ ಆ ನಡುವೆ ಗೃಹ ಸಚಿವಾಲಯ ನೇಮಿಸಿದ ಬೇರೊಂದು ಸಮಿತಿಯ ಪಾಲಾಯಿತು.

ವರದಿ ಬಂದರೂ ಉತ್ತರ ಕೊಡಬೇಕಾದ ಹೊಣೆ ಯಾರಿಗೂ ಇಲ್ಲ. ಗ್ರಾಮ ನ್ಯಾಯಾಲಯ ಬೇಕೆಂದು ಆಯೋಗ 1986ರಲ್ಲಿ ಹೇಳಿತು, ಕಾಯ್ದೆ ಆದದ್ದು 2008ರಲ್ಲಿ. ಮೂಡಿಗೆರೆಯ ಲೈನ್ ಮನೆಯ ಕಾರ್ಮಿಕ ಬಾಕಿ ಕೂಲಿಗಾಗಿ ಹತ್ತಿರದಲ್ಲೇ ದಾವೆ ಹೂಡಬಹುದು ಎಂಬ ವಿಚಾರ ಇಪ್ಪತ್ತೆರಡು ವರ್ಷ ಕಡತದಲ್ಲಿ ಕೂತಿತ್ತು. ಇಂಗ್ಲೆಂಡಿನ ಕಾನೂನು ಆಯೋಗ 1965ರ ಕಾಯ್ದೆಯ ಕೂಸು. ಅದರ ಶಿಫಾರಸುಗಳು ಎಲ್ಲಿಗೆ ಬಂದಿವೆ ಎಂದು ಸಚಿವರು ಪ್ರತಿ ವರ್ಷ ಸಂಸತ್ತಿಗೆ ತಿಳಿಸಬೇಕೆಂಬ ನಿಯಮ 2009ರಿಂದ ಇದೆ. ನಮಗೂ ಅಷ್ಟು ಬೇಕು.

ವಿರೋಧ

ಆ ಮಗಳ ಹಕ್ಕಿನ ಕಥೆಯನ್ನೇ ಪೂರ್ತಿ ಹೇಳೋಣ. ಕರ್ನಾಟಕ ಆ ಹಕ್ಕನ್ನು ಕೊಟ್ಟದ್ದು 1994ರಲ್ಲಿ, ಆಯೋಗದ ವರದಿಗಿಂತ ಆರು ವರ್ಷ ಮೊದಲು. ಆಂಧ್ರಪ್ರದೇಶ ಅದಕ್ಕೂ ಮುಂಚೆ, 1986ರಲ್ಲಿ. ಮತ ಕೇಳುವವರೇ ಮುಂದೆ ನಡೆದರು, ಆಯೋಗ ಹಿಂದಿನಿಂದ ಬಂತು. ಕಾಯ್ದೆ ಜಾರಿಯಾಗುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ನಮ್ಮ 1994ರ ತಿದ್ದುಪಡಿ ಹೊರಗಿಟ್ಟಿತ್ತು. ಆಯೋಗವೂ ಅದೇ ಗೆರೆಯನ್ನು ಎಳೆಯಿತು. ಅದನ್ನು ಅಳಿಸಿದ್ದು 2005ರ ಸಂಸತ್ತು. 1990ರಲ್ಲಿ ಕೊಪ್ಪಕ್ಕೋ ಬೇಲೂರಿಗೋ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರಿನ ತೋಟದಲ್ಲಿ ಪಾಲು ಕೇಳುವ ದಾರಿ ತೆರೆದದ್ದು ಚರ್ಚೆ ಮಾಡಿದ ಸದನ. ತಜ್ಞರೇ ಯಾವಾಗಲೂ ಧೈರ್ಯವಂತರು ಎಂಬ ನಂಬಿಕೆ ಎಲ್ಲಿಂದ ಬಂತೋ!

ಇನ್ನು ಮಲೆನಾಡಿನ ನಿಜವಾದ ತಲೆನೋವುಗಳನ್ನು ನೋಡಿ. ಬಗರ್ ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ) ಅರ್ಜಿ, ಒತ್ತುವರಿ ತೋಟ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ: ಸಕಲೇಶಪುರದ ತಾಲ್ಲೂಕು ಕಚೇರಿಯ ಮುಂದೆ ಜನ ನಿಲ್ಲುವುದು ಇವುಗಳಿಗಾಗಿ. ಭೂಮಿ ರಾಜ್ಯ ಪಟ್ಟಿಯ ವಿಷಯ. ಪರಿಶಿಷ್ಟರ ಜಮೀನು ಮರಳಿಸುವ 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದದ್ದು ಬೆಂಗಳೂರಿನ ವಿಧಾನಮಂಡಲ. ದೆಹಲಿಯ ಆಯೋಗಕ್ಕೆ ಎಷ್ಟೇ ಬಲ ತುಂಬಿದರೂ ಈ ಸಾಲು ಕರಗುವುದಿಲ್ಲ.

ಗ್ರಾಮ ನ್ಯಾಯಾಲಯದ ವಾದವೂ ಅರ್ಧಕ್ಕೇ ನಿಂತಿದೆ. 2008ರಲ್ಲಿ ಕಾಯ್ದೆಯೇ ಬಂತಲ್ಲ, ಆಮೇಲೇನಾಯಿತು? ಅವನ್ನು ಸ್ಥಾಪಿಸಿ ಎಂದು ಸುಪ್ರೀಂ ಕೋರ್ಟ್ 2020ರಲ್ಲೂ ರಾಜ್ಯಗಳಿಗೆ ಹೇಳಬೇಕಾಯಿತು. ಹತ್ತು ಲಕ್ಷ ಜನಕ್ಕೆ ಐವತ್ತು ನ್ಯಾಯಾಧೀಶರು ಬೇಕೆಂದು ಆಯೋಗ 1987ರಲ್ಲೇ ಬರೆದಿತ್ತು. ಅದರ ಅರ್ಧವನ್ನೂ ನಾವು ಮುಟ್ಟಿಲ್ಲ. ವರದಿಗೆ ಬರವಿಲ್ಲ, ದುಡ್ಡಿಗೆ ಮತ್ತು ಮನಸ್ಸಿಗೆ ಬರ. ಕಾಯ್ದೆಬದ್ಧ ಆಯೋಗ ಬಂದರೆ ನಿವೃತ್ತ ನ್ಯಾಯಮೂರ್ತಿಗಳಿಗೆ ಇನ್ನೊಂದು ಖಾಯಂ ಕುರ್ಚಿ ಸಿಗುತ್ತದೆ, ಅಷ್ಟೇ.

ಕುರ್ಚಿ ಖಾಲಿ ಬಿಟ್ಟದ್ದು ತಪ್ಪು, ಒಪ್ಪೋಣ. ಆದರೆ ಕಾಯ್ದೆಯಿರುವ ಎಷ್ಟು ಆಯೋಗ, ನ್ಯಾಯಮಂಡಳಿಗಳಲ್ಲಿ ಕುರ್ಚಿಗಳು ಖಾಲಿ ಬಿದ್ದಿಲ್ಲ? ಸರ್ಕಾರ ಉತ್ತರ ಕೊಡಬೇಕೆಂದರೆ ಅದಕ್ಕೆ ಸದನದ ನಿಯಮವೊಂದು ಸಾಕು: ವರದಿ ಮಂಡನೆಯಾದ ಆರು ತಿಂಗಳಲ್ಲಿ ಸಚಿವರು ಎದ್ದು ನಿಂತು, ಯಾವ ಶಿಫಾರಸು ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ಹೇಳಲಿ.