ಸಾಯೋದಾದರೆ ಡಬ್ಲಿನ್‌ನಲ್ಲಿ, ಅರ್ಜಿ ಹಾಕೋದಾದರೆ ಲಂಡನ್‌ನಲ್ಲಿ

ಇಂಗ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ, ವೈದ್ಯರ ಪ್ರಮಾಣಪತ್ರ ನೋಂದಣಿ ಕಚೇರಿಗೆ ಮುಟ್ಟಿದ 5 ದಿನದೊಳಗೆ ನೋಂದಣಿ ಮಾಡಿಸಬೇಕು ಅನ್ನುವುದು ನಿಯಮ. ಅಂತ್ಯಕ್ರಿಯೆಗೆ ಮಾತ್ರ ಯಾವ ಅವಸರವೂ ಇಲ್ಲ. ಎರಡು ವಾರ, ಮೂರು ವಾರ, ಚಿತಾಗಾರದಲ್ಲಿ ಸ್ಲಾಟ್ ಸಿಕ್ಕಾಗ ನೋಡೋಣ. ಪಕ್ಕದ ಐರ್ಲೆಂಡ್ ಪೂರ್ತಿ ಉಲ್ಟಾ. ಸೋಮವಾರ ಹೋದವರು ಗುರುವಾರದ ಹೊತ್ತಿಗೆ ಮಣ್ಣಾಗಿರುತ್ತಾರೆ. ಸರ್ಕಾರಕ್ಕೆ ತಿಳಿಸೋಕೆ 3 ತಿಂಗಳು ಟೈಮ್ ಕೊಟ್ಟಿದ್ದ ದೇಶ ಅದು.

ಲಂಡನ್ನಿನ ನಮ್ಮ ಕನ್ನಡದವರಿಗೂ ಇಂಗ್ಲಿಷರದೇ ಪಾಡು. ಊರಲ್ಲಾದರೆ ಕತ್ತಲಾಗುವುದರೊಳಗೆ ಎಲ್ಲ ಮುಗಿಸುವ ಜನ, ಅಲ್ಲಿ ಕ್ಯಾಲೆಂಡರ್ ಹಿಡಿದು ಕೂರುತ್ತಾರೆ. ದಹನವೇ ಆಗಿರುವುದಿಲ್ಲ, ವೈಕುಂಠ ಸಮಾರಾಧನೆಯ ದಿನ ಬಂದು ಹೋಗಿರುತ್ತದೆ!

ಐರಿಷರು ಸಾವಿನ ಸುದ್ದಿಯನ್ನು ನಾವು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನೋಡುತ್ತಾರೆ. ಹಳ್ಳಿ ಕಡೆಯ ರೇಡಿಯೋದಲ್ಲಿ ಇವತ್ತು ಯಾರು ಹೋದರು ಅಂತ ದಿನವೂ ಓದುತ್ತಾರೆ. ಸಾಲದ್ದಕ್ಕೆ 2005ರಿಂದ ಆರ್‌ಐಪಿ ಡಾಟ್ ಐಇ ಅಂತ ಸಾವಿನ ಪ್ರಕಟಣೆಗಳ ವೆಬ್‌ಸೈಟೇ ಇದೆ. ಸತ್ತವರ ಪರಿಚಯ ಇರಬೇಕು ಅಂತೇನಿಲ್ಲ. ಅವರ ಅಣ್ಣನ ಜೊತೆ ಯಾವತ್ತೋ ಕೆಲಸ ಮಾಡಿದ್ದರೆ ಸಾಕು, ಹೊರಟೇಬಿಟ್ಟರು. ಸಾಲಿನಲ್ಲಿ ನಿಂತು, ಮನೆಯವರೆಲ್ಲರ ಕೈ ಕುಲುಕಿ, ಅಷ್ಟೂ ಜನಕ್ಕೆ ಅದೇ ಒಂದು ಸಮಾಧಾನದ ಮಾತು ಹೇಳಿ, ಟೀ ಕುಡಿದು, ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಮಳೆಯನ್ನು ಬೈದು ಬರುತ್ತಾರೆ. ಮನೆಯವರಿಗೆ ಮಾತ್ರ ಅಂತ ಪ್ರಕಟಣೆಯಲ್ಲಿ ಹಾಕಿದರೂ ಪಕ್ಕದ ಮನೆಯವರು ತಟ್ಟೆ ಹಿಡಿದು ಬಾಗಿಲಲ್ಲಿ ಹಾಜರ್. ಆ ಮಾತು ಬೇರೆಯವರಿಗೆ, ತಮಗಲ್ಲ! ಇನ್ನು ಸ್ಥಳೀಯ ಟಿಡಿ, ಅಂದರೆ ಅಲ್ಲಿನ ಸಂಸದ, ಸಾಲಿನಲ್ಲಿ ಇದ್ದೇ ಇರುತ್ತಾನೆ. ಸತ್ತವರ ಓಟು ಹೋಯಿತು, ನಿಜ. ಬಂದವರ ಓಟು ಇದೆಯಲ್ಲ.

ಈ ಹುಚ್ಚಿನ ಬೆಲೆ ಕೋವಿಡ್ ಬಂದಾಗ ಗೊತ್ತಾಯಿತು. ಸಾವಿನ ಲೆಕ್ಕ ಬೇಗ ಬೇಕಿತ್ತು, ನೋಂದಣಿ ಆಗಲಿ ಅಂತ ಕೂತರೆ ತಿಂಗಳುಗಟ್ಟಲೆ ಕಾಯಬೇಕು. ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿ ಅದೇ ವೆಬ್‌ಸೈಟಿನ ಮೊರೆ ಹೋಯಿತು. ಊರ ಅಜ್ಜಿಯರು ಬೆಳಗಿನ ಟೀ ಜೊತೆ ತಿರುವಿ ಹಾಕುವ ಪುಟಗಳಿಂದಲೇ ಸರ್ಕಾರಿ ಅಂದಾಜು ತಯಾರಾಯಿತು. ಅಜ್ಜಿಯರನ್ನೇ ಕೆಲಸಕ್ಕೆ ಸೇರಿಸಿಕೊಂಡಿದ್ದರೆ ಇನ್ನೂ ಬೇಗ ಆಗುತ್ತಿತ್ತು, ಅಲ್ವಾ?

ಹಾಗಂತ ಇಂಗ್ಲಿಷರು ಸಾವಿಗೆ ಹೋಗುವುದೇ ಇಲ್ಲ ಅನ್ನಬೇಡಿ. ಕ್ಯೂ ಇದ್ದರೆ ಹೋಗುತ್ತಾರೆ. ರಾಣಿ ಎಲಿಜಬೆತ್ ತೀರಿಕೊಂಡದ್ದು 2022ರ ಸೆಪ್ಟೆಂಬರ್ 8ಕ್ಕೆ, ಅಂತ್ಯಕ್ರಿಯೆ 19ಕ್ಕೆ. ನಡುವೆ ಶವಪೆಟ್ಟಿಗೆಯ ದರ್ಶನಕ್ಕೆ ಥೇಮ್ಸ್ ನದಿಯ ದಡದಲ್ಲಿ ಸೌತ್‌ವರ್ಕ್ ಪಾರ್ಕ್‌ವರೆಗೆ ಮೈಲುಗಟ್ಟಲೆ ಕ್ಯೂ. ಬಾಲ ಎಲ್ಲಿಗೆ ಬಂತು ಅಂತ ಸರ್ಕಾರವೇ ಯೂಟ್ಯೂಬಿನಲ್ಲಿ ಲೈವ್ ತೋರಿಸಿತು. ಪಾರ್ಕು ತುಂಬಿ ಗೇಟು ಹಾಕಿದಾಗ ಜನ ಮನೆಗೆ ಹೋದರಾ? ಕ್ಯೂ ಸೇರೋಕೆ ಇನ್ನೊಂದು ಕ್ಯೂ ಮಾಡಿದರು. ಫುಟ್ಬಾಲಿಗ ಡೇವಿಡ್ ಬೆಕಮ್ 12 ಗಂಟೆಗೂ ಜಾಸ್ತಿ ನಿಂತ, ದೇಶಕ್ಕೆ ದೇಶವೇ ಶಹಬ್ಬಾಸ್ ಅಂದಿತು. ನಾರ್ವಿಚ್‌ನಲ್ಲಿ ಸೈಕಲ್ ಸ್ಟ್ಯಾಂಡಿಗೂ ಶೋಕಾಚರಣೆಯ ಬೋರ್ಡು ಹಾಕಿ ಮುಚ್ಚಿದರು. ಅಂತ್ಯಕ್ರಿಯೆಯ ದಿನ ದೇಶಕ್ಕೆಲ್ಲ ರಜೆ. ಹಾಗಾಗಿ ಆ ದಿನಕ್ಕೆ ಬುಕ್ ಆಗಿದ್ದ ಕೆಲವು ಸಾಮಾನ್ಯರ ಅಂತ್ಯಕ್ರಿಯೆಗಳು ಮುಂದಕ್ಕೆ ಹೋದವು. ಮೊದಲೇ ಸ್ಲಾಟಿಗೆ ಕಾದು ಕಾದು ಸುಸ್ತಾಗಿದ್ದ ಮನೆಗಳು ಅವು!

ಈಗಂತೂ ಅಲ್ಲಿನ ಟಿವಿಯಲ್ಲಿ ಹಗಲೆಲ್ಲ ನೆಂಟರೇ ಬೇಡದ ದಹನದ ಜಾಹೀರಾತು. ಯಾರೂ ಬರಬೇಕಿಲ್ಲ, ಪಾದ್ರಿ ಬೇಕಿಲ್ಲ, ಬೂದಿ ಆಮೇಲೆ ಮನೆಗೆ ಬರುತ್ತದೆ. ಅಂತ್ಯಕ್ರಿಯೆಯ ಖರ್ಚಿಗೆ ಆಗುವ ವಿಮೆಯ ಬಗ್ಗೆ ಸುಮ್ನೆ ವಿಚಾರಿಸಿದರೂ ಪೆನ್ನು ಫ್ರೀ ಅಂತ ವರ್ಷಗಟ್ಟಲೆ ಹೇಳುತ್ತಿದ್ದರು. ಉಯಿಲು ಬರೆಯೋಕೆ ಇರಬೇಕು.

ಐರಿಷರಾದರೂ ಇದರಲ್ಲಿ ದುಡ್ಡು ನೋಡಲ್ಲ ಅಂದುಕೊಂಡಿದ್ದೆ. 2024ರಲ್ಲಿ ಐರಿಷ್ ಟೈಮ್ಸ್ ಪತ್ರಿಕೆಯ ಬಳಗ ಆ ವೆಬ್‌ಸೈಟನ್ನೇ ಕೊಂಡುಕೊಂಡಿತು. 2025ರಿಂದ ಒಂದು ಪ್ರಕಟಣೆಗೆ 100 ಯೂರೋ. ಸತ್ತ ಮೇಲೂ ಬಿಲ್ಲಾ ಅಂತ ಜನ ಸಿಟ್ಟಾದರು. ಆದರೂ ಬೈದುಕೊಂಡೇ ಹಾಕುತ್ತಾರೆ. ಹಾಕದಿದ್ದರೆ ಜನ ಬರಲ್ಲ, ಜನ ಬರದಿದ್ದರೆ ಅಷ್ಟೊಂದು ಸ್ಯಾಂಡ್‌ವಿಚ್ ತಿನ್ನೋದು ಯಾರು?