ಬ್ರಿಕ್ಸ್ ಹಿಗ್ಗಿದೆ, ಡಾಲರ್ ಕುಗ್ಗಿತೇ?

ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾಗಳ ಕೂಟವಾದ ಬ್ರಿಕ್ಸ್‌ಗೆ ಹೊಸ ಸದಸ್ಯರು ಸೇರಿದ್ದರಿಂದ ಡಾಲರ್ ಯುಗ ಮುಗಿಯುತ್ತಾ ಬಂತು ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ಒಪ್ಪಲಾರೆ. 2024ರ ಜನವರಿಯಲ್ಲಿ ಸೇರಿದ ಯುಎಇಯನ್ನೇ ನೋಡಿ. ಅದರ ದಿರ್ಹಮ್ 1997ರಿಂದಲೂ ಡಾಲರಿಗೆ 3.6725ರ ದರದಲ್ಲೇ ಗಂಟುಬಿದ್ದಿದೆ. ಇನ್ನು ಬ್ರಿಕ್ಸ್ ದೇಶಗಳೇ ಕಟ್ಟಿದ, ಶಾಂಘೈಯಲ್ಲಿರುವ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ 2022ರ ಮಾರ್ಚ್ ಮೊದಲ ವಾರದಲ್ಲಿ ಮಾಡಿದ್ದೇನು? ಉಕ್ರೇನ್ ಯುದ್ಧ ಶುರುವಾಗಿ ಹತ್ತು ದಿನ ಕಳೆಯುವ ಮೊದಲೇ ರಷ್ಯಾದಲ್ಲಿ ಹೊಸ ವ್ಯವಹಾರಗಳನ್ನು ತಡೆಹಿಡಿಯಿತು. ರಷ್ಯಾ ಅದರ ಸ್ಥಾಪಕ ಸದಸ್ಯ ಎಂಬುದು ನೆನಪಿರಲಿ! ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಾಲ ಎತ್ತುವ ಬ್ಯಾಂಕಿಗೆ ಸದಸ್ಯನ ಮುಲಾಜಿಗಿಂತ ಸಾಲ ಕೊಡುವವರ ಭಯವೇ ದೊಡ್ಡದು.

ಹಾಗೆಂದು ಏನೂ ಬದಲಾಗಿಲ್ಲ ಎನ್ನುತ್ತಿಲ್ಲ. ನಿಜವಾದ ಬದಲಾವಣೆ ಮಧ್ಯಮ ಗಾತ್ರದ ದೇಶಗಳ ಚೌಕಾಸಿಯಲ್ಲಿ ಕಾಣುತ್ತದೆ. ಅಮೆರಿಕ ನೇತೃತ್ವದ ನೇಟೊ ಸೇನಾಕೂಟದ ಸದಸ್ಯನಾಗಿದ್ದೂ ಟರ್ಕಿ ರಷ್ಯಾದಿಂದ ಎಸ್-400 ವಾಯುರಕ್ಷಣಾ ಕ್ಷಿಪಣಿಗಳನ್ನು ಕೊಂಡಿತು, ಉಕ್ರೇನಿಗೆ ಡ್ರೋನ್‌ಗಳನ್ನೂ ಮಾರಿತು. ಸೌದಿ ಮತ್ತು ಇರಾನ್ 2023ರಲ್ಲಿ ಬೀಜಿಂಗ್‌ನಲ್ಲಿ ಕೈಕುಲುಕಿದವು. ಸೌದಿಯ ಶಸ್ತ್ರಾಗಾರ ಮಾತ್ರ ಇಂದಿಗೂ ಬಹುಪಾಲು ಅಮೆರಿಕದ್ದೇ. ಯಾರ ಬಣಕ್ಕೂ ಪೂರ್ತಿ ಒಲಿಯದ ಇಂಥವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಗ್ಗೆಯೂ ಲೇಖನದ್ದು ಅದೇ ಮೌನ. ಅಲ್ಲಿ ದೊಡ್ಡ ನಿರ್ಧಾರಗಳಿಗೆ ಶೇ 85ರಷ್ಟು ಮತ ಬೇಕು, ಅಮೆರಿಕದ ಕೈಯಲ್ಲಿ ಶೇ 16ಕ್ಕಿಂತ ಹೆಚ್ಚಿದೆ. ಅಂದರೆ ಅದು ಒಪ್ಪದೆ ಅಂಥ ಯಾವ ನಿರ್ಧಾರವೂ ಆಗದು. ಚೀನಾ, ಭಾರತಗಳ ಪಾಲು ಹೆಚ್ಚಿಸುವ 2010ರ ಸುಧಾರಣೆ ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆಗಾಗಿ 2015ರ ಡಿಸೆಂಬರ್‌ವರೆಗೆ ಕಾದು ಕುಳಿತಿತ್ತು.