ಹಗ್ಗ ಒಂದು ಬಿಟ್ಟು ಎಲ್ಲಾ ಚೆಕ್ ಮಾಡಿದ್ದಾರೆ

ಮಂಡ್ಯದಲ್ಲಿ ಕಬ್ಬಿನ ಲಾರಿ ತಡೆದು ತಪಾಸಣೆ ಮಾಡುವುದನ್ನು ಒಂದ್ಸಲ ನಿಂತು ನೋಡಿ. ಆರ್‌ಸಿ ಕೇಳುತ್ತಾರೆ, ಇನ್ಶೂರೆನ್ಸ್ ಕೇಳುತ್ತಾರೆ, ಎಮಿಷನ್ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ಡ್ರೈವರ್ ಖಾಕಿ ಅಂಗಿಗೆ ಗುಂಡಿ ಹಾಕಿದ್ದಾನಾ ಅಂತಲೂ ನೋಡುತ್ತಾರೆ. ತಲೆ ಎತ್ತಿ ಲೋಡ್ ನೋಡುವುದಿಲ್ಲ. ಎತ್ತಿದರೆ ಟೋಪಿ ಬಿದ್ದುಹೋಗುತ್ತೆ, ಅಷ್ಟೆತ್ತರ!

ಅದನ್ನೆಲ್ಲಾ ಹಿಡಿದಿರುವುದು ಒಂದು ನೈಲಾನ್ ಹಗ್ಗ. ಅಲ್ಲಲ್ಲಿ ತುಂಡಾಗಿ ಮತ್ತೆ ಗಂಟು ಹಾಕಿಸಿಕೊಂಡಿದ್ದು. ಒಂದು ಗಂಟಿನಲ್ಲಿ ಯಾರದೋ ಹಳೇ ಸೀರೆಯ ಅಂಚೂ ಸೇರಿಕೊಂಡಿದೆ. ತುದಿ ಹಿಂದಿನ ಲೈಟಿನ ಕಂಬಿಗೆ ಕಟ್ಟಿದೆ. ಲೈಟು ಸೋಗೆಯೊಳಗೆ ಎಲ್ಲೋ ಇದೆ ಅಂತ ನಂಬಬೇಕು, ಅಷ್ಟೇ. ನಂಬರ್ ಪ್ಲೇಟು, ಕೆಂಪು ರಿಫ್ಲೆಕ್ಟರ್ ಟೇಪು ಕೂಡ ಅಲ್ಲೇ ಒಳಗೆ. ಟೇಪ್ ಅಂಟಿಸಿದ್ದು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ. ಎಫ್‌ಸಿ ಆಗುವುದು ಖಾಲಿ ಲಾರಿಗೆ ಅಲ್ವಾ? ಖಾಲಿ ಲಾರಿ ಯಾವತ್ತೂ ಯಾರ ಮೇಲೂ ಕಬ್ಬು ಬೀಳಿಸಿಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ಯುರೋಪಿನವರದ್ದು ಒಂದು ಲೆಕ್ಕ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ತನ್ನ ತೂಕದ ಹತ್ತರಲ್ಲಿ ಎಂಟು ಪಾಲು ಬಲದಿಂದ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಅರ್ಧ ತೂಕ, ಅಷ್ಟನ್ನೂ ತಡೆಯುವ ಹಾಗೆ ಕಟ್ಟಿರಬೇಕು. ಅಂದರೆ 10 ಟನ್ ಕಬ್ಬಿಗೆ ಮುಂದಕ್ಕೆ 8 ಟನ್, ಪಕ್ಕಕ್ಕೆ 5. ಒಬ್ಬ ಡ್ರೈವರಣ್ಣನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. “ಸುಮ್ಕಿರಿ ಸಾ, ಏನೂ ಆಗಕ್ಕಿಲ್ಲ. ಮ್ಯಾಲೆ ಇಬ್ರು ಹುಡುಗ್ರು ಕೂತವ್ರೆ” ಅಂದ.

ಹಾಗಂತ ಲೋಡ್ ತಪಾಸಣೆ ನಡೆಯುವುದೇ ಇಲ್ಲ ಅನ್ನಬೇಡಿ. ಆ ಕೆಲಸವನ್ನು ಹಂಪ್‌ಗಳಿಗೆ ವಹಿಸಿದ್ದಾರೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಆದರೆ ರಜೆ ಹಾಕಲ್ಲ, ಕೈ ಬೆಚ್ಚಗೆ ಮಾಡಿ ಅನ್ನಲ್ಲ. ಸಡಿಲ ಇರುವ ಜಲ್ಲೆಗಳನ್ನು ಅಲ್ಲೇ ಕೆಡವಿ ರಿಪೋರ್ಟ್ ಕೊಡುತ್ತವೆ. ರಿಪೋರ್ಟ್ ಸೇರುವುದು ಹಿಂದೆ ಬರುತ್ತಿರುವ ಬೈಕಿನವನಿಗೆ. ಅವನಿಗೆ ಹೆಲ್ಮೆಟ್ ಇಲ್ಲ ಅಂತ ಫೈನು. ಅವನಾದರೂ ಎಲ್ಲಿಗೆ ಹೋಗಬೇಕು? 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೂ, ಕಬ್ಬು ಹೊರುವ ಟ್ರಾಕ್ಟರಿಗೂ ಪ್ರವೇಶ ಇಲ್ಲ. ಇಬ್ಬರನ್ನೂ ಒಂದೇ ಸರ್ವಿಸ್ ರಸ್ತೆಗೆ ಇಳಿಸಿದ್ದಾರೆ, ಸುರಕ್ಷತೆಗೋಸ್ಕರ.

ಕಾನೂನು ಇಲ್ಲವಾ? ಜೋರಾಗಿಯೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ, ಲೋಡ್ ಬಾಡಿಯಿಂದ ಆಚೆ ಚಾಚಿದರೆ 20,000 ರೂಪಾಯಿ ದಂಡ, ಮೇಲೆ ಲೋಡ್ ಇಳಿಸುವ ಖರ್ಚೂ ಅವರದ್ದೇ ಅಂತ ಬರೆದಿದ್ದಾರೆ. ಹಾಗಾದರೆ ಇಳಿಸಿಬಿಡಿ ಅಂದೆ, ಅಲ್ಲೇ ನಿಂತಿದ್ದ ಸಾಹೇಬರಿಗೆ.

“ಇಳಿಸಿ ಎಲ್ಲಿ ಇಡಲಿ ಸ್ವಾಮಿ? ಕಬ್ಬು ಒಣಗಿದರೆ ರೈತರು ರಸ್ತೆಗೆ ಕೂರುತ್ತಾರೆ. ಒಣಗೋಕೆ ಮುಂಚೆ ಸ್ಕೂಲ್ ಬಿಟ್ಟರೆ ಸಾಕ್ಷಿಯೇ ಉಳಿಯಲ್ಲ.”